ಹಳದಿ ಜೋಡಿಯ ಕಣ್ಣು

ನಮ್ಮ ಹಿಂದಾವಿಯಾ ಕೇರಿಯಲ್ಲಿ ಕರಾಮಾ ಬಾಮತ್ರಫ್‌ನಷ್ಟು ಹೆದರುಪುಕ್ಕ ಇನ್ನೊಬ್ಬನಿರಲಿಲ್ಲ. ತನ್ನ ನೆರಳಿಗೂ ಸಲಾಂ ಹೇಳಿಯೇ ಮುಂದೆ ಹೆಜ್ಜೆ ಇಡುತ್ತಾನೆ ಎಂದು ಟೀ ಅಂಗಡಿಯಲ್ಲಿ ಕುಳಿತವರು ನಗುತ್ತಿದ್ದರು. ಪೊಲೀಸರ ಗಾಡಿ ಕಂಡರೆ ಜೇಬು ಮುಟ್ಟಿಕೊಳ್ಳುವನು. ಯಾರಾದರೂ ಬಾಗಿಲು ಜೋರಾಗಿ ಬಡಿದರೆ ಕೈಯಲ್ಲಿದ್ದ ತುತ್ತು ಕೆಳಗಿಡುವನು. ಹುಟ್ಟಿದ್ದು ಜಿದ್ದಾದಲ್ಲಿ, ಬೆಳೆದದ್ದು ಜಿದ್ದಾದಲ್ಲಿ; ಆದರೆ ಅಪ್ಪ ಯೆಮೆನ್ನಿನ ಹದ್ರಮೌತಿನಿಂದ ಬಂದವನಾದ್ದರಿಂದ ಮಗನೂ ಕಾಗದದ ಮೇಲೆ ಪರದೇಶಿ. ವರ್ಷಕ್ಕೊಮ್ಮೆ ಧಣಿ ಸಹಿ ಹಾಕಿದರೆ ಇಖಾಮಾ, ಅಂದರೆ ದೇಶದಲ್ಲಿರುವ ಪರವಾನಗಿ, ಉಂಟು. ಹಾಕದಿದ್ದರೆ ಹೆಂಡತಿ ಮಕ್ಕಳ ಸಮೇತ, ಒಮ್ಮೆಯೂ ಕಾಣದ ಊರಿಗೆ ಗಂಟುಮೂಟೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಗುವವರು ನಗಲಿ.

ಅವನಿಗೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಮೀನಿನ ಕಣ್ಣು ಓದುವ ವಿದ್ಯೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮೀನು ಹರಾಜಿನ ಕಟ್ಟೆಯಲ್ಲಿ ಬುಟ್ಟಿ ಹೊರುತ್ತಿದ್ದಾಗ ಕಲಿತದ್ದು ಅದು. ಸತ್ತ ಮೀನಿನ ಕಣ್ಣು ನೋಡಿ, ಇದು ಬೆಳಗಿನದು, ಇದು ನಿನ್ನೆಯದು, ಇದಕ್ಕೆ ಐಸು ತಡವಾಗಿ ಬಿತ್ತು ಎಂದು ಹೇಳುತ್ತಿದ್ದ. ಆಮೇಲೆ ಶ್ರೀಮಂತರ ಮನೆಗಳಲ್ಲಿ ಗಾಜಿನ ತೊಟ್ಟಿಗಳು ಬಂದವು, ಬಣ್ಣದ ಮೀನುಗಳು ಬಂದವು, ಅವುಗಳ ಜೊತೆಗೆ ಕಣ್ಣಿನ ರೋಗಗಳೂ ಬಂದವು. ಕರಾಮಾ ಸತ್ತ ಕಣ್ಣುಗಳನ್ನು ಬಿಟ್ಟು ಬದುಕಿರುವ ಕಣ್ಣುಗಳ ಕಡೆಗೆ ತಿರುಗಿದ.

ಅವನ ವೈದ್ಯಕ್ಕೆ ಒಂದೇ ಸೂತ್ರ. ಒಂದು ಕಣ್ಣು ಕೆಟ್ಟರೆ ಜಗಳ, ಎರಡೂ ಕೆಟ್ಟರೆ ನೀರು. ಒಂದು ಕಣ್ಣು ಮಾತ್ರ ಉಬ್ಬಿದೆ ಅಥವಾ ಮಂಜಾಗಿದೆ ಎಂದರೆ ಮೀನು ಕಲ್ಲಿಗೆ ಉಜ್ಜಿಕೊಂಡಿದೆ, ಇಲ್ಲವೇ ಪಕ್ಕದವನ ಹತ್ತಿರ ಗುದ್ದಿಸಿಕೊಂಡಿದೆ. ಅದನ್ನು ಬೇರೆ ತೊಟ್ಟಿಗೆ ಹಾಕಿ, ಮೇಲೆ ಬಟ್ಟೆ ಹೊದಿಸಿ ಬೆಳಕು ತಗ್ಗಿಸಿ, ಔಷಧಿ ಅಂಗಡಿಯ ಭೇದಿ ಉಪ್ಪನ್ನು ಅಳೆದು ಕರಗಿಸಿದರೆ ಊತ ಇಳಿಯುತ್ತದೆ. ಉಬ್ಬಿದ ಕಣ್ಣಿಗೆ ಸೂಜಿ ಚುಚ್ಚಿ ಗಾಳಿ ತೆಗೆಯುವವರೂ ಊರಿನಲ್ಲಿದ್ದಾರೆ. ಕರಾಮಾ ಸೂಜಿ ಮುಟ್ಟಿದವನಲ್ಲ, ಕೈ ನಡುಗುತ್ತಿತ್ತು. ಆ ಪುಕ್ಕಲುತನದಿಂದಲೇ ಎಷ್ಟು ಮೀನುಗಳ ಕಣ್ಣು ಉಳಿದವೋ ಲೆಕ್ಕವಿಲ್ಲ. ಆದರೆ ಎರಡೂ ಕಣ್ಣು ಮಂಜಾದರೆ, ಅದೂ ಒಂದಕ್ಕಿಂತ ಹೆಚ್ಚು ಮೀನುಗಳಿಗೆ ಹಾಗಾದರೆ, ನೀರಿನಲ್ಲಿ ಏನೋ ಸೇರಿದೆ. ಆ ಏನೋ ಸಿಗುವ ತನಕ ಯಾವ ಔಷಧಿಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಧಣಿ ಅದ್ನಾನ್ ಸಾಹೇಬರ ಮನೆಯ ದೊಡ್ಡ ತೊಟ್ಟಿಯಲ್ಲಿ ಆದದ್ದು ಅದೇ. ಮೊದಲು ಹಳದಿ ಜೋಡಿಯ ಕಣ್ಣುಗಳ ಮೇಲೆ ತೆಳ್ಳಗೆ ಹಾಲಿನ ಪೊರೆ ಬಂತು. ಅಂಗೈಯಗಲದ, ಕೆನ್ನೆಯ ಮೇಲೆ ನೀಲಿ ಮಚ್ಚೆಯಿರುವ ಎರಡು ಮೀನುಗಳು; ಒಂದನ್ನು ಬಿಟ್ಟು ಇನ್ನೊಂದು ಈಜಿದ್ದೇ ಇಲ್ಲ. ಅದ್ನಾನರ ತಾಯಿ ಫೌಜಿಯಾ, ಮನೆಯವರೆಲ್ಲ ಸಿತ್ತಿ ಎಂದು ಕರೆಯುವ ಎಂಬತ್ತರ ಅಜ್ಜಿ, ಗಂಡ ತೀರಿಹೋದಾಗಿನಿಂದ ಬೆಳಗಿನ ಕಾಫಿಯನ್ನು ಆ ಜೋಡಿಯ ಎದುರಿಗೇ ಕುಳಿತು ಕುಡಿಯುತ್ತಿದ್ದಳು. ಎರಡನೆಯ ವಾರಕ್ಕೆ ತೊಟ್ಟಿಯ ಹನ್ನೊಂದು ಮೀನುಗಳ ಕಣ್ಣೂ ಬೆಳ್ಳಗಾದವು. ಮೂರನೆಯ ವಾರದಲ್ಲಿ ಹಳದಿ ಮೀನೊಂದು ಗಾಜಿಗೆ ಮೂತಿ ಗುದ್ದತೊಡಗಿತು, ಮೇವು ಎಲ್ಲಿದೆ ಎಂದು ಅದಕ್ಕೆ ಕಾಣುತ್ತಿರಲಿಲ್ಲ.

ಕರಾಮಾ ನೀರು ಪರೀಕ್ಷಿಸಿದ, ಎಲ್ಲ ಸರಿ ಇತ್ತು. ಊರ ಹೊರಗಿನ ಒಬ್ಹುರಿನ ಆಚೆಯಿಂದ ಪೀಪಾಯಿಗಳಲ್ಲಿ ಸಮುದ್ರದ ನೀರು ತಂದು ಬದಲಿಸಿದ. ಎರಡು ದಿನ ಕಣ್ಣು ತಿಳಿಯಾದಂತೆ ಕಂಡು ಮತ್ತೆ ಮುಚ್ಚಿತು. ಅವನಿಗೆ ಊಟ ಸೇರದಾಯಿತು.

ಅದ್ನಾನ್ ಸಾಹೇಬರು ಕೆಟ್ಟವರಲ್ಲ, ಆದರೆ ತಾಯಿ ಅತ್ತರೆ ಅವರಿಗೆ ಲೋಕವೇ ಬೇಡ. ಕಾರು ಹತ್ತುತ್ತ ನಗುತ್ತಲೇ ಅಂದರು: "ಕರಾಮಾ, ನಿನ್ನ ಇಖಾಮಾ ಕಾಗದ ನನ್ನ ಮೇಜಿನ ಮೇಲೇ ಇದೆ ಕಣೋ. ಅಮ್ಮ ನಕ್ಕ ದಿನ ಸಹಿ ಹಾಕ್ತೀನಿ."

"ತಿಂಗಳ ಕೊನೆಗೆ ಮುಗಿಯುತ್ತೆ ಸಾಹೇಬ್ರೇ."

"ಹಾಗಾದ್ರೆ ಬೇಗ ನಗಿಸು."

ಅಂದೇ ಸಿತ್ತಿ ಅವನನ್ನು ಒಳಗೆ ಕರೆಸಿದಳು. ಹಜಾರದ ತುಂಬ ಅಗರುಧೂಪದ ಹೊಗೆ. ಮೀನುಗಳಿಗೆ ದೃಷ್ಟಿ ತಗುಲಿದೆ ಎಂದು ಮೊದಲ ದಿನವೇ ಅವಳಿಗೆ ಅನ್ನಿಸಿತ್ತು. ಆಗಿನಿಂದ ದಿನಕ್ಕೊಂದು ಹೊತ್ತಿನ ಬದಲು ಮೂರು ಹೊತ್ತು ಕೆಂಡದ ಮೇಲೆ ಅಗರಿನ ಚಕ್ಕೆ ಬೀಳುತ್ತಿತ್ತು.

"ಯಾರ ಕಣ್ಣು ಅಂತ ಗೊತ್ತಾಯ್ತು ಮಗಾ," ಎಂದಳು ಸಿತ್ತಿ. "ಮೊಮ್ಮಗಳ ನಿಶ್ಚಿತಾರ್ಥದ ದಿನ ನಿನ್ನ ಹೆಂಡತಿ ಖೈರಿಯಾ ಕಾಫಿ ಕೊಡೋಕೆ ಬಂದಿದ್ಲಲ್ಲ. ತಟ್ಟೆ ಹಿಡ್ಕೊಂಡು ಈ ತೊಟ್ಟಿ ಮುಂದೆ ನಿಂತು, ಅಯ್ಯೋ ಎಷ್ಟು ಚೆಂದ, ಕಣ್ಣಲ್ಲೇ ತಿಂದ್ಬಿಡೋ ಹಾಗಿವೆ ಅಂದ್ಲಂತೆ. ದೃಷ್ಟಿ ತಗಲಬಾರದು ಅಂತ ಒಂದು ಮಾಷಾ ಅಲ್ಲಾ ಕೂಡ ಅನ್ನಲಿಲ್ಲ. ನನ್ನ ತಂಗೀರು ಮೂವರೂ ಕೇಳಿಸ್ಕೊಂಡಿದ್ದಾರೆ."

ಕರಾಮಾ ಹೆಂಡತಿಯ ಪರವಾಗಿ ಬಾಯಿ ಹಾಕಿದ. "ಬಾಯಿ ಹಗುರ ಸಿತ್ತಿ, ಮನಸ್ಸು ಹಾಗಲ್ಲ..."

"ಮನಸ್ಸು ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ಒಳ್ಳೆಯವರ ಕಣ್ಣೂ ತಗಲುತ್ತೆ. ಅವಳು ಮುಖ, ಕೈಕಾಲು ತೊಳೆದ ನೀರು ಒಂದು ಬಾಟಲಿ ತಂದುಕೊಡು. ತೊಟ್ಟಿಗೆ ಹಾಕೋಣ. ಕೇಳಿದಾಗ ಕೊಡಬೇಕು, ಅದು ಧರ್ಮ. ನಿನಗೂ ಗೊತ್ತು."

ಗೊತ್ತಿತ್ತು. ಯಾರ ದೃಷ್ಟಿ ಎಂದು ಹೇಳುತ್ತಾರೋ ಅವರು ತೊಳೆದುಕೊಂಡ ನೀರು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇಲ್ಲವೆಂದರೆ ಬೇಕೆಂದೇ ಕಣ್ಣು ಹಾಕಿದಂತೆ, ಕೊಟ್ಟರೆ ಹಾಕಿದ್ದು ಹೌದೆಂದು ಒಪ್ಪಿದಂತೆ. ಒಮ್ಮೆ ಕಣ್ಣಿನವಳು ಎಂಬ ಹೆಸರು ಬಿದ್ದರೆ ಬಾಣಂತಿಯ ಕೋಣೆಗೆ ಕರೆಯುವವರಿಲ್ಲ, ಮದುವೆಗೆ ಕರೆಯುವವರಿಲ್ಲ. ಕರಾಮಾ ದಾರಿಯುದ್ದಕ್ಕೂ ಬೆವರಿದ.

ಖೈರಿಯಾ ಒಲೆಯ ಮುಂದೆ ಖಮೀರ್ ರೊಟ್ಟಿ ಕರಿಯುತ್ತಿದ್ದಳು. ಗಂಡನಿಗೆ ಇರಬೇಕಾದ ಧೈರ್ಯವನ್ನೆಲ್ಲ ದೇವರು ಈ ಹೆಂಗಸಿಗೆ ಕೊಟ್ಟುಬಿಟ್ಟಿದ್ದ ಎಂದು ಕೇರಿಯಲ್ಲಿ ಮಾತು. ನೀರಿನ ಟ್ಯಾಂಕರಿನ ಚಾಲಕನಿಂದ ಹಿಡಿದು ಶಾಲೆಯ ಮುಖ್ಯಸ್ಥೆಯ ತನಕ ಎಲ್ಲರನ್ನೂ ನೇರ ಕಣ್ಣಿಟ್ಟು ನೋಡಿ ಮಾತಾಡುವವಳು. ಕರಾಮಾ ತಡವರಿಸುತ್ತ ವಿಷಯ ಹೇಳಿದ. ಅವಳು ರೊಟ್ಟಿ ಮಗುಚುವುದನ್ನು ನಿಲ್ಲಿಸಲಿಲ್ಲ.

"ಭೇಷ್! ಹೆಂಡತಿ ಕಣ್ಣು ಕೊಟ್ಟು ಮೀನಿನ ಕಣ್ಣು ತರೋಕೆ ಹೊರಟ್ರಾ, ಫರಜನಪ್ಪಾ?" ಮಗ ಫರಜನ ಹೆಸರಿನಿಂದಲೇ ಅವಳು ಗಂಡನನ್ನು ಕರೆಯುವುದು.

"ಇಖಾಮಾ, ಖೈರಿಯಾ... ತಿಂಗಳ ಕೊನೆ..."

"ನಾನು ಚೆಂದ ಇದೆ ಅಂದಿದ್ದು ನಿಜ. ಚೆಂದ ಇದ್ದದ್ದನ್ನ ಚೆಂದ ಅಂದೆ. ಅದಕ್ಕೆ ಮೀನು ಕುರುಡಾಗುತ್ತಾ? ನೀವೇ ಹೇಳಿ, ಮೀನಿನ ಡಾಕ್ಟ್ರು ನೀವು."

ಕರಾಮಾ ಹೇಳಲಿಲ್ಲ. ಹೇಳಬೇಕಿತ್ತು. ಮೂರು ವಾರದಿಂದ ನೀರಿನಲ್ಲಿ ಏನೂ ಸಿಕ್ಕದಿದ್ದವನ ಮನಸ್ಸಿನ ಮೂಲೆಯಲ್ಲಿ ಒಂದು ಸಂಶಯ ಕಾಲು ಮಡಚಿ ಕುಳಿತಿತ್ತು. ಖೈರಿಯಾ ಅವನ ಮುಖ ನೋಡಿದಳು. ನೋಡಿದ್ದೇ ಒಲೆ ಆರಿಸಿ, ಬಚ್ಚಲಿಗೆ ಹೋಗಿ, ತಾಮ್ರದ ಬೋಗುಣಿಯಲ್ಲಿ ಮುಖ ತೊಳೆದಳು, ಮೊಣಕೈ ತನಕ ಕೈ ತೊಳೆದಳು, ಪಾದ ತೊಳೆದಳು. ನೀರನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಅವನ ಕೈಯಲ್ಲಿಟ್ಟಳು.

"ತಗೊಂಡು ಹೋಗಿ. ಸೋಪು ಹಾಕಿಲ್ಲ, ನಿಮ್ಮ ಮೀನಿಗೆ ಏನೂ ಆಗಲ್ಲ," ಎಂದಳು. ಅವಳು ಅಳುವುದನ್ನು ಅವನು ಕಂಡದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಹೋದ. ಸಿತ್ತಿ ಜಪಮಾಲೆ ಮುಗಿಸಿ ಬರುವ ತನಕ ಕಾಯಬೇಕೆಂದು ಕೆಲಸದವಳು ಹೇಳಿದಳು. ಹಜಾರದಲ್ಲಿ ಅವನೊಬ್ಬನೇ. ತೊಟ್ಟಿಯಲ್ಲಿ ಹನ್ನೊಂದು ಜೊತೆ ಬಿಳಿ ಕಣ್ಣುಗಳು. ಹೆದರಿಕೆಯಾದಾಗ ಕರಾಮಾ ಏನಾದರೊಂದನ್ನು ತಿಕ್ಕಿ ತೊಳೆಯುತ್ತಾನೆ, ಅದು ಅವನ ಚಾಳಿ. ಗಾಜು ಒರೆಸಿದ. ಕೊಳವೆ ಒರೆಸಿದ. ಒರೆಸಲು ಇನ್ನೇನೂ ಸಿಗದೆ, ಕೊಳವೆಯ ಜಾಡು ಹಿಡಿದು ಗಾಳಿ ಪಂಪಿನ ಹತ್ತಿರ ಹೋದ.

ಪಂಪು ಮೊದಲು ತೊಟ್ಟಿಯ ಕೆಳಗೇ ಇತ್ತು. ನಿಶ್ಚಿತಾರ್ಥದ ಬೆಳಿಗ್ಗೆ, ಅದರ ಗುಂಯ್ ಸದ್ದು ಅತಿಥಿಗಳಿಗೆ ಕಿರಿಕಿರಿ ಎಂದು ಯಾರೋ ಅಂದಿದ್ದಕ್ಕೆ, ಕರಾಮಾನೇ ಅದನ್ನು ಕಿಟಕಿಯ ಪಕ್ಕದ ಮರದ ಜಾಲಿಯ ಗೂಡಿಗೆ ಸರಿಸಿ ಉದ್ದನೆಯ ಕೊಳವೆ ಜೋಡಿಸಿದ್ದ. ಈಗ ಕೈ ಹಾಕಿ ಎಳೆದ. ಪಂಪು ಗಾಳಿ ಎಳೆದುಕೊಳ್ಳುವ ಬಾಯಿಗೆ ಒಂದು ಬಿಳಿ ಉಣ್ಣೆಯ ಬಿಲ್ಲೆ ಇರುತ್ತದೆ. ಬಿಲ್ಲೆ ಬಿಳಿಯಾಗಿರಲಿಲ್ಲ. ಕಾಫಿ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟುತ್ತಿತ್ತು. ಮೂಗಿಗೆ ಹಿಡಿದ.

ಅಗರು.

ಗೂಡಿನ ಅದೇ ಹಲಗೆಯ ಮೇಲೆ, ಪಂಪಿನಿಂದ ಒಂದು ಗೇಣು ದೂರದಲ್ಲಿ ಸಿತ್ತಿಯ ಧೂಪದಾನಿ, ಕೆಂಡ ಹೊತ್ತಿಸುವ ತಟ್ಟೆ. ಮೂರು ವಾರದಿಂದ ಪಂಪು ಆ ಹೊಗೆಯನ್ನು ಕುಡಿದು ಕುಡಿದು ನೀರಿನೊಳಗೆ ಊದುತ್ತಿತ್ತು. ಕಣ್ಣು ಮಂಜಾದಷ್ಟೂ ಸಿತ್ತಿ ಧೂಪ ಹೆಚ್ಚಿಸಿದಳು, ಧೂಪ ಹೆಚ್ಚಿದಷ್ಟೂ ಕಣ್ಣು ಮಂಜಾಯಿತು. ಎಲ್ಲದರ ಬುಡದಲ್ಲಿ, ಪಂಪು ತಂದು ಇಲ್ಲಿಟ್ಟ ಅವನದೇ ಕೈ.

ಅವನಿಗೆ ಒಂದು ಗಳಿಗೆ ಎಲ್ಲ ಸುಲಭವಾಗಿ ಕಂಡಿತು. ಸುಮ್ಮನೆ ಪಂಪನ್ನು ಹಳೆಯ ಜಾಗಕ್ಕೆ ಸರಿಸಿಬಿಡುವುದು. ಬಾಟಲಿಯ ನೀರು ಹಾಕಲಿ, ಹತ್ತು ದಿನದಲ್ಲಿ ಕಣ್ಣು ತಿಳಿಯಾಗುತ್ತವೆ, ಸಿತ್ತಿ ನಗುತ್ತಾಳೆ, ಸಹಿ ಬೀಳುತ್ತದೆ. ಆಗಲೇ ಇನ್ನೊಂದು ಮಾತು ಹೊಳೆಯಿತು. ಖೈರಿಯಾಳ ನೀರು ಬಿತ್ತು, ಮೀನಿಗೆ ಕಣ್ಣು ಬಂತು ಎಂದು ಊರು ಹೇಳುತ್ತದೆ. ತಾನು ಮೀನನ್ನು ವಾಸಿ ಮಾಡಿದಷ್ಟೂ ಹೆಂಡತಿಯ ಮೇಲಿನ ಮಾತು ಗಟ್ಟಿಯಾಗುತ್ತದೆ.

ಊರುಗೋಲಿನ ಸದ್ದಾಯಿತು. ಸಿತ್ತಿ ಬಂದಳು. "ತಂದ್ಯಾ ಮಗಾ?"

ಅವನು ಬಾಟಲಿ ಕೊಡಲಿಲ್ಲ. ಬಿಲ್ಲೆ ಚಾಚಿದ. "ಸಿತ್ತಿ... ಇದನ್ನ ಮೂಸಿ ನೋಡಿ."

ಅವಳು ಮೂಸಿದಳು. "ಇದು ನನ್ನ ಅಗರು! ಅಳಿಯ ತಂದುಕೊಟ್ಟಿದ್ದು. ನಿನ್ನ ಕೈಗೆ ಹೇಗೆ ಬಂತೋ, ಕದ್ದ್ಯಾ?"

"ನಾನಲ್ಲ ಸಿತ್ತಿ, ಪಂಪು ಕದೀತು," ಎಂದ. ತಮಾಷೆ ಮಾಡಬೇಕೆಂದಲ್ಲ, ಭಯಕ್ಕೆ ಬಾಯಿಂದ ಹಾಗೆ ಬಂತು. ಆಮೇಲೆ ಎಲ್ಲ ಹೇಳಿದ. ಹಲಗೆ ತೋರಿಸಿದ, ಕೊಳವೆ ತೋರಿಸಿದ. ಹೇಳುವಾಗ ಕಾಗದ, ಮೇಜು, ಗಡಿ ದಾಟಿಸುವ ಬಸ್ಸು ಎಲ್ಲ ಕಣ್ಣ ಮುಂದೆ ಬರುತ್ತಿದ್ದವು.

"ಪಂಪು ಅಲ್ಲಿಟ್ಟೋನು ಯಾರು?"

"ನಾನೇ."

ಸಿತ್ತಿ ಹಳದಿ ಜೋಡಿಯ ಕಡೆಗೆ ತಿರುಗಿದಳು. "ಹಾಗಾದ್ರೆ ದಿನಕ್ಕೆ ಮೂರು ಸಲ ಇವಕ್ಕೆ ಹೊಗೆ ಕುಡಿಸಿದ್ದು ನಾನು ಅಂತೀಯ."

ಕರಾಮಾ ಧೂಪದಾನಿಯನ್ನು ಪಂಪಿನಿಂದ ದೂರ ಸರಿಸಿದ.

"ಬಾಟಲಿ ಇಲ್ಲಿಡು," ಎಂದಳು. ಸ್ವರ ಗಡುಸಾಗಿತ್ತು. "ಹತ್ತು ದಿನ ಕೊಡ್ತೀನಿ. ಧೂಪಾನೂ ಹಾಕಲ್ಲ, ಈ ನೀರೂ ಹಾಕಲ್ಲ. ಕಣ್ಣು ಬಂದ್ರೆ ನಿನ್ನ ಮಾತು ಸರಿ. ಬರಲಿಲ್ಲವೋ, ನೀರು ತೊಟ್ಟಿಗೆ, ನೀನು ನಿಮ್ಮೂರಿಗೆ."

ಆ ಹತ್ತು ದಿನ ಕರಾಮಾ ಬದುಕಿದ್ದು ಹೇಗೋ ಅವನಿಗೇ ಗೊತ್ತಿಲ್ಲ. ಪೀಪಾಯಿ ಪೀಪಾಯಿ ನೀರು ತಂದು ಬದಲಿಸಿದ. ವಿಷ ಹೀರಲು ಜಾಲರಿ ಚೀಲದಲ್ಲಿ ತೊಳೆದ ಇದ್ದಿಲು ಕಟ್ಟಿ ಇಳಿಬಿಟ್ಟ. ಕೆಡಿಸಿದ್ದೂ ಇದ್ದಿಲೇ, ಸರಿಮಾಡುವುದೂ ಇದ್ದಿಲೇ ಎಂದುಕೊಂಡ. ಹಳದಿ ಜೋಡಿಯನ್ನು ಒಟ್ಟಿಗೇ ಚಿಕ್ಕ ತೊಟ್ಟಿಗೆ ಸಾಗಿಸಿ, ಭೇದಿ ಉಪ್ಪು ಹಾಕಿ, ಮೇಲೆ ಕಪ್ಪು ಬಟ್ಟೆ ಹೊದಿಸಿದ. ಸೀಗಡಿಯನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ, ಚಿಮಟಿಗೆಯಲ್ಲಿ ಹಿಡಿದು ಒಂದೊಂದೇ ಚೂರನ್ನು ಅವುಗಳ ಬಾಯಿಯ ಹತ್ತಿರ ಒಯ್ದ. ಬಾಟಲಿ ದೊಡ್ಡ ತೊಟ್ಟಿಯ ತಲೆಯ ಮೇಲೇ ನಿಂತಿತ್ತು. ದಿನವೂ ಬಂದ ಕೂಡಲೇ ಮೀನಿನ ಕಣ್ಣಿಗಿಂತ ಮೊದಲು ಬಾಟಲಿಯ ನೀರು ಇಳಿದಿದೆಯೇ ಎಂದು ನೋಡುತ್ತಿದ್ದ.

ಆರನೆಯ ದಿನ ಪೊರೆ ತೆಳುವಾಯಿತು. ಹತ್ತನೆಯ ದಿನ ಹತ್ತು ಮೀನುಗಳ ಕಣ್ಣು ಹರಾಜಿನ ಕಟ್ಟೆಯ ಬೆಳಗಿನ ಮೀನಿನಂತೆ ಹೊಳೆದವು. ಹಳದಿ ಜೋಡಿಯಲ್ಲಿ ಒಂದಕ್ಕೆ ಮಾತ್ರ ಎಡಗಣ್ಣು ಬಿಳಿಯಾಗಿಯೇ ಉಳಿಯಿತು, ಅದು ಹೋದ ಕಣ್ಣು. ಜೋಡಿಯನ್ನು ದೊಡ್ಡ ತೊಟ್ಟಿಗೆ ಮರಳಿ ಬಿಟ್ಟ ಮೇಲೆ ಸಿತ್ತಿ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಅವಳು ಊರುಗೋಲೂರಿ ಕಿಟಕಿಗೆ ಹೋಗಿ ನೀರನ್ನು ಮಲ್ಲಿಗೆಯ ಕುಂಡಕ್ಕೆ ಸುರಿದಳು. ಸಂಜೆ ಸಹಿ ಬಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿತ್ತಿಯ ಮೂವರು ತಂಗಿಯರು ಆ ಹತ್ತು ದಿನದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಬಾಡಿಗೆ ಮಹಡಿಯ ಪಕ್ಕದ ಮನೆಯವಳು ಖೈರಿಯಾಳನ್ನು ಕಂಡು ಕೂಸಿನ ಮುಖಕ್ಕೆ ಮುಸುಕು ಎಳೆದಳು. ಬೈಯಬೇಕಾದ ಖೈರಿಯಾ ಬೈಯಲಿಲ್ಲ, ಕಣ್ಣು ಕೆಳಗೆ ಹಾಕಿ ಮೆಟ್ಟಿಲಿಳಿದಳು. ಅಂದಿನಿಂದ ಅವಳು ಯಾರನ್ನೂ ನೇರವಾಗಿ ನೋಡಲಿಲ್ಲ. ಸಂತೆಯಲ್ಲಿ ಟೊಮೆಟೊ ಕಂಡರೂ ಮೂರು ಸಲ ಮಾಷಾ ಅಲ್ಲಾ ಎನ್ನುವಳು, ಅಂಗಡಿಯವನು ನಕ್ಕನಂತೆ. ಕರಾಮಾನಿಗೆ ನಗು ಬರಲಿಲ್ಲ. ಮನೆಯಲ್ಲಿ ಹೆದರುವ ಕೆಲಸ ತನ್ನೊಬ್ಬನದು ಎಂದುಕೊಂಡಿದ್ದ. ಈಗ ಅವಳೂ ಹೆದರಿದ್ದಳು, ಅದನ್ನು ನೋಡಿ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಅವನು ಸಿತ್ತಿಗೆ ಹೇಳಿದ. ಸಿತ್ತಿ ಒಂದು ಮಧ್ಯಾಹ್ನ ಇಬ್ಬರನ್ನೂ ಕರೆಸಿದಳು. ಖೈರಿಯಾ ಹಜಾರದ ಜಮಖಾನೆಯ ಹೂವು ನೋಡುತ್ತ ನಿಂತಳು.

"ನೋಡೇ ಹುಡುಗಿ, ಮೀನು ನೋಡು."

"ಬೇಡ ಸಿತ್ತಿ."

"ವಾಸಿಯಾಗಿವೆ, ನೋಡು."

"ಅದಕ್ಕೇ ಬೇಡ."

ಪಂಪಿನ ಗುಂಯ್ ಸದ್ದೊಂದೇ ಕೇಳುತ್ತಿತ್ತು. ಅದು ಮತ್ತೆ ತೊಟ್ಟಿಯ ಕೆಳಗೆ ಬಂದಿತ್ತು. ಖೈರಿಯಾ ತಲೆಯೆತ್ತದೆ ಗಂಡನನ್ನು ಕೇಳಿದಳು: "ಒಂದಕ್ಕೆ ಕಣ್ಣು ಹೋಯ್ತು ಅಂದ್ರಲ್ಲ. ಇನ್ನೊಂದು ಅದನ್ನ ಬಿಟ್ಟು ಹೋಗಿಲ್ವಾ?"

"ಇಲ್ಲ," ಎಂದ ಕರಾಮಾ. "ಈಗ ಯಾವಾಗ್ಲೂ ಅದರ ಎಡಗಡೆಗೇ ಈಜುತ್ತೆ."

ಖೈರಿಯಾಳ ಕತ್ತು ಅಲುಗಿತು, ಆದರೆ ಕಣ್ಣು ಮೇಲೇರಲಿಲ್ಲ. ಸಿತ್ತಿ ಊರುಗೋಲು ಗೋಡೆಗೆ ಒರಗಿಸಿ ಬಂದು ಅವಳ ಕೈ ಹಿಡಿದಳು. "ನೀನು ನೋಡು ಮಗಳೇ. ಹೇಳೋದನ್ನ ನಾನು ಹೇಳ್ತೀನಿ."

ಖೈರಿಯಾ ಮೆಲ್ಲಗೆ ತಲೆಯೆತ್ತಿದಳು. ಸಿತ್ತಿ ಅವಳ ಪರವಾಗಿ ಗಟ್ಟಿಯಾಗಿ, ಅಡುಗೆಮನೆಗೂ ಕೇಳುವ ಹಾಗೆ ಮಾಷಾ ಅಲ್ಲಾ ಎಂದಳು. ಖೈರಿಯಾ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದಳು, ತುಂಬ ಹೊತ್ತು ನೋಡಿದಳು, ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಹೋಗುವಾಗ ಮೆಟ್ಟಿಲಿನ ಮೇಲೆ, "ಆ ನೀಲಿ ಮಚ್ಚೆ ಎಷ್ಟು ಚೆಂದ ಫರಜನಪ್ಪಾ," ಎಂದಳು, ಹಳೆಯ ಖೈರಿಯಾಳ ದನಿಯಲ್ಲಿ.

ಮರುದಿನ ಕರಾಮಾ ಎಂದಿಗಿಂತ ಒಂದು ಗಂಟೆ ಮೊದಲೇ ಕೆಲಸಕ್ಕೆ ಹೋದ. ಚಪ್ಪಲಿ ಕಳಚುವುದನ್ನೂ ಮರೆತು ತೊಟ್ಟಿಯ ಮುಂದೆ ಮಂಡಿಯೂರಿ, ಹನ್ನೊಂದು ಮೀನುಗಳ ಕಣ್ಣನ್ನೂ ಒಂದೊಂದಾಗಿ ನೋಡಿದ. ಎಲ್ಲವೂ ನಿನ್ನೆ, ಖೈರಿಯಾ ನೋಡುವ ಮೊದಲು, ಇದ್ದ ಹಾಗೆಯೇ ಇದ್ದವು. ಆಮೇಲೆ ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಅಲ್ಲೇ ಕುಳಿತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆ ಬೆಳಿಗ್ಗೆ ಯಾಕೆ ಬೇಗ ಹೋಗಿದ್ದೆ ಎಂದು ಅವನು ಖೈರಿಯಾಳಿಗೆ ಇವತ್ತಿನ ತನಕ ಹೇಳಿಲ್ಲ.